ಸದ್ದಿಲ್ಲದ ಕೋವಿ

ನಾಣಯ್ಯನಿಗೆ ಅಳಿಲುಗಳ ಮೇಲೆ ಇದ್ದ ಸಿಟ್ಟಿನಲ್ಲಿ ಕಾಲು ಭಾಗ ಅವಕ್ಕೆ ತಗುಲಿದ್ದರೂ ಸಾಕಿತ್ತು, ಬೆಂತೊಂಗ್ ಗುಡ್ಡದ ಅಳಿಲುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಥಾಯ್ಲೆಂಡಿಗೆ ಹೊರಡಬೇಕಿತ್ತು. ಹೊರಡಲಿಲ್ಲ. ಅವನು ಮರದ ಕೆಳಗೆ ನಿಂತು ಬೈದಷ್ಟೂ ಅವು ಮೇಲಿನ ಕೊಂಬೆಯಲ್ಲಿ ಬಾಲ ಕುಣಿಸುತ್ತ ಕೂತು, ಅವನ ಕಿತ್ತಳೆಯನ್ನೇ ಎರಡು ಕೈಯಲ್ಲಿ ಹಿಡಿದು, ನಿಧಾನವಾಗಿ, ಮದುವೆ ಊಟಕ್ಕೆ ಕೂತ ಬೀಗರ ಹಾಗೆ ತಿನ್ನುತ್ತಿದ್ದವು.

ವಾರವೆಲ್ಲ ಅವನು ಕ್ವಾಲಾಲಂಪುರದ ಎತ್ತರದ ಕಟ್ಟಡಗಳಲ್ಲಿ ಕೆಟ್ಟು ನಿಂತ ಲಿಫ್ಟುಗಳ ಹಿಂದೆ ಓಡಾಡುವ ಸೂಪರ್‌ವೈಸರ್. ಪುಚೊಂಗ್‌ನ ಒಂದು ಹಳೆಯ ಕಾಂಡೋದಲ್ಲಿ ಮನೆ. ಹೆಂಡತಿ ಶರ್ಮಿಳಾ ಮೈಸೂರಿನವಳು. ಮಗಳು ಅಕ್ಷಯಾ ಇಲ್ಲೇ ಹುಟ್ಟಿದವಳು. ಸುಬಾಂಗ್ ಜಯಾದಲ್ಲಿ ಕಾಲೇಜು ಓದುತ್ತಾಳೆ, ಅಪ್ಪ ಕನ್ನಡದಲ್ಲಿ ಗೊಣಗಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಶನಿವಾರ ಬಂತೆಂದರೆ ಮಾತ್ರ ನಾಣಯ್ಯ ಮನೆಯಲ್ಲಿ ನಿಲ್ಲುವವನಲ್ಲ. ಬೆಂತೊಂಗ್ ಕಡೆಯ ಗುಡ್ಡದಲ್ಲಿ ಆಹ್ ಹೋಕ್ ಎಂಬ ಚೀನೀ ಮುದುಕನ ಹಣ್ಣಿನ ತೋಟವಿದೆ. ಅದರ ಒಂದು ಮೂಲೆಯನ್ನು ಬಾಡಿಗೆಗೆ ಹಿಡಿದು ಬಾಳೆ, ಶುಂಠಿ, ಒಂದಿಷ್ಟು ಮೆಣಸಿನ ಬಳ್ಳಿ ಹಚ್ಚಿಕೊಂಡಿದ್ದ. ಅವು ನೆವ. ನಿಜವಾದ ಕಾರಣ ಆ ಮೂಲೆಯ ನಡುವೆ ನಿಂತಿದ್ದ ಒಂದೇ ಒಂದು ಕಿತ್ತಳೆ ಮರ.

ಅದು ಕೊಡಗಿನ ಕಿತ್ತಳೆ. ನಾಣಯ್ಯನ ಅಪ್ಪ ಬೆಳ್ಯಪ್ಪನವರ ತೋಟದಲ್ಲಿ ಒಂದು ಕಾಲಕ್ಕೆ ಸಾಲುಸಾಲು ಕಿತ್ತಳೆ ಮರಗಳಿದ್ದವು. ರೋಗ ಬಂತು. ಒಂದೊಂದೇ ಒಣಗಿದವು. ಕೊನೆಗೆ ಉಳಿದಿದ್ದ ಒಂದು ಮರದ ಹಣ್ಣನ್ನು, ರಜೆಗೆ ಊರಿಗೆ ಹೋಗಿದ್ದ ನಾಣಯ್ಯ ವಾಪಸು ಬರುವ ದಾರಿಯಲ್ಲಿ ತಿಂದು, ಬೀಜ ಉಗಿಯಲು ಜಾಗ ಕಾಣದೆ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಪುಚೊಂಗ್‌ನಲ್ಲಿ ಅಂಗಿ ಒಗೆಯಲು ಹಾಕುವಾಗ ಶರ್ಮಿಳಾಳಿಗೆ ಸಿಕ್ಕಿದ ಆ ಬೀಜಗಳಲ್ಲಿ ಒಂದು ಬಾಲ್ಕನಿಯ ಕುಂಡದಲ್ಲಿ ಮೊಳೆಯಿತು. ಗಿಡ ಕುಂಡ ಮೀರಿ ಬೆಳೆದಾಗ ಅದನ್ನು ನೆಡಲೆಂದೇ ಅವನು ಗುಡ್ಡದ ಆ ಮೂಲೆ ಹಿಡಿದದ್ದು. ಬೀಜ ಮೊಳೆತ ಮರುವರ್ಷವೇ ಊರಿನ ಆ ಕೊನೆಯ ಮರವೂ ಹೋಗಿತ್ತು. ಬೆಳ್ಯಪ್ಪನವರು ಬುಡವನ್ನು ತಾವೇ ನಿಂತು ಕಡಿಸಿದರಂತೆ. ಆಮೇಲೆ ಅವರು ಕಿತ್ತಳೆ ಎಂಬ ಮಾತನ್ನೇ ಎತ್ತಲಿಲ್ಲ. ಅಂಗಡಿಯ ಕಿತ್ತಳೆ ಯಾರಾದರೂ ತಂದರೆ ಮುಟ್ಟುತ್ತಲೂ ಇರಲಿಲ್ಲ.

ಅಂಥ ಅಪ್ಪ ಈ ವರ್ಷ ಮೊದಲ ಸಲ ಮಲೇಷ್ಯಾಕ್ಕೆ ಬರಲು ಒಪ್ಪಿದ್ದರು. ಅದೇ ವರ್ಷ ಮರವೂ ಮೊದಲ ಸಲ ಕಾಯಿ ಬಿಟ್ಟಿತ್ತು. ನಾಣಯ್ಯನಿಗೆ ಖುಷಿಯಲ್ಲಿ ನಿದ್ದೆ ಹತ್ತಲಿಲ್ಲ. "ಯಾರೂ ಬಾಯಿ ಬಿಡಬೇಡಿ," ಎಂದು ಮನೆಯಲ್ಲಿ ತಾಕೀತು ಮಾಡಿದ. "ಅಪ್ಪನನ್ನ ಏರ್‌ಪೋರ್ಟಿಂದ ಸೀದಾ ತೋಟಕ್ಕೆ ಕರ್ಕೊಂಡು ಹೋಗ್ತೀನಿ. ಮರದ ಕೆಳಗೆ ನಿಲ್ಲಿಸ್ತೀನಿ. ಮೇಲೆ ನೋಡಿ ಅಪ್ಪ ಅಂತೀನಿ. ಅಷ್ಟೇ." ಅಪ್ಪನ ಮುಖ ಆಗ ಹೇಗಿರುತ್ತದೆ ಎಂಬುದನ್ನು ಅವನು ಲಿಫ್ಟಿನ ಗುಂಡಿ ಒತ್ತುವಾಗ, ಟೋಲ್ ಗೇಟಿನಲ್ಲಿ ಕಾಯುವಾಗ, ಎಲ್ಲೆಂದರಲ್ಲಿ ನೆನೆದು ಒಬ್ಬನೇ ನಗುತ್ತಿದ್ದ.

ಆಗ ಬಂದವು ನೋಡಿ ಈ ಅಳಿಲುಗಳು.

ಮೊದಲು ಬಲೆ ಕಟ್ಟಿದ. ಕಚ್ಚಿ ಹರಿದವು. ಬಾಳೆಹಣ್ಣಿಟ್ಟು ಬೋನು ಇಟ್ಟ. ಆಹ್ ಹೋಕ್‌ನ ಮುದ್ದಿನ ಬೆಕ್ಕು ಅದರೊಳಗೆ ಹೋಗಿ ಕೂತು ಬೆಳಗಿನವರೆಗೆ ಅರಚಿತು. ಮೆಣಸಿನಪುಡಿಯ ನೀರು ಎರಚಿದರೆ ಮರುದಿನವೇ ಮಳೆ. ತಗಡು ಬಡಿಯೋಣ, ಪಟಾಕಿ ಹಚ್ಚೋಣ ಎಂದರೆ ಅದಕ್ಕೆ ಕಲ್ಲು ಹಾಕಲು ಆಹ್ ಹೋಕ್ ಇದ್ದನಲ್ಲ! ತೋಟದ ಪಕ್ಕದಲ್ಲೇ ಆತನ ಹಕ್ಕಿ ಮನೆ ಇತ್ತು. ಮೂರಂತಸ್ತಿನ, ಕಿಟಕಿಯಿಲ್ಲದ ಸಿಮೆಂಟ್ ಕಟ್ಟಡ. ಅದರೊಳಗೆ ಬಾನಾಡಿ ಎಂಬ ಸಣ್ಣ ಹಕ್ಕಿಗಳು ಬಂದು ಎಂಜಲಿನಿಂದ ಗೂಡು ಕಟ್ಟುತ್ತವೆ. ಆ ಗೂಡಿಗೆ ಸೂಪು ಮಾಡುವವರಲ್ಲಿ ಬಂಗಾರದ ಬೆಲೆ. ಜೋರು ಸದ್ದಾದರೆ ಹಕ್ಕಿಗಳು ಬೆದರಿ ಇನ್ನೊಬ್ಬನ ಕಟ್ಟಡಕ್ಕೆ ಹೋಗಿಬಿಡುತ್ತವೆಂದು ಆಹ್ ಹೋಕ್‌ಗೆ ಪ್ರಾಣಭಯ. ಮೂಲೆ ಬಾಡಿಗೆಗೆ ಕೊಡುವಾಗ ಅವನು ಹಾಕಿದ ಷರತ್ತು ಅದೊಂದೇ: ಗಲಾಟೆ ಕೂಡದು.

ಅಲ್ಲಾ, ಇದಕ್ಕೇನು ಹೇಳುವುದು? ಹಕ್ಕಿ ಕರೆಯಲೆಂದು ಅದೇ ಕಟ್ಟಡದ ನೆತ್ತಿಯ ಮೇಲೆ ಸ್ಪೀಕರ್ ಇಟ್ಟು, ಬೆಳಗಿನಿಂದ ಸಂಜೆವರೆಗೆ ಚಿಂವ್‌ಚಿಂವ್ ಎಂದು ಕ್ಯಾಸೆಟ್ಟು ಹಾಕುವವನು ಆಹ್ ಹೋಕ್. ಇಡೀ ಗುಡ್ಡದ ಕಿವಿ ತೂತಾಗುತ್ತಿತ್ತು. ಆದರೆ ನಾಣಯ್ಯ ಒಂದು ತಗಡು ಬಡಿದರೆ ಮುದುಕ ಬನಿಯನ್ನಿನಲ್ಲೇ ಓಡಿ ಬರುತ್ತಿದ್ದ. "ನಾಣಾ, ಕ್ವಾಯೆಟ್ ಲಾ! ಮೈ ಬರ್ಡ್ ಸ್ಕೇರ್ಡ್ ಲಾ!" ಎಂದು ಕೈ ಮುಗಿಯುತ್ತಿದ್ದ. ಮುಗಿದ ಕೈಗೆ ಹೇಗೆ ಬೈಯುವುದು? ನಾಣಯ್ಯ ಹಲ್ಲು ಕಚ್ಚಿಕೊಂಡು ಕವಣೆ ಹಿಡಿದ. ಕಲ್ಲು ಅಳಿಲಿಗೆ ಬೀಳುವ ಬದಲು ಹಕ್ಕಿ ಮನೆಯ ತಗಡಿಗೆ ಬಿದ್ದು ಢಣ್ ಎಂದಿತು. ಮುಂದಿನ ಎರಡು ಶನಿವಾರ ಆಹ್ ಹೋಕ್ ಮಾತು ಬಿಟ್ಟ.

ಆಗಲೇ ಅವನ ತಲೆಗೆ ಏರ್‌ಗನ್ನಿನ ಹುಳ ಹೊಕ್ಕಿದ್ದು.

ಹೊಕ್ಕಿದ್ದು ಸಹಜವೇ. ಕೊಡವರ ಮನೆಯಲ್ಲಿ ಹುಟ್ಟಿದವನಿಗೆ ಕೋವಿ ಹೊಸದಲ್ಲ. ಅಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಕೇರಿಗೆ ಸುದ್ದಿ ಮುಟ್ಟುವುದೇ ಹಾಗೆ. ವರ್ಷಕ್ಕೊಮ್ಮೆ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ಹೂ ಸಿಕ್ಕಿಸಿ, ದೀಪ ಹಚ್ಚಿ ಪೂಜೆ. ಬೇರೆ ಊರಿನವರ ಹಾಗೆ ಲೈಸೆನ್ಸಿಗೆ ಅಲೆಯುವ ಪಾಡು ಅವರಿಗಿಲ್ಲ, ಅದು ಹಿಂದಿನಿಂದ ಬಂದ ಹಕ್ಕು. ಇನ್ನು ಏರ್‌ಗನ್ ಅಂತೂ ಕೋವಿಯ ಲೆಕ್ಕಕ್ಕೇ ಇಲ್ಲ. ಭತ್ತದ ಕಣಕ್ಕೆ ಬರುವ ಹಕ್ಕಿ ಓಡಿಸಲು ಮಕ್ಕಳ ಕೈಗೆ ಕೊಡುವ ಸಾಮಾನು ಅದು. ಹೀಗಾಗಿ ಮಲೇಷ್ಯಾದಲ್ಲಿ ಏರ್‌ಗನ್ನಿಗೆ ಕಾನೂನು ಇರಬಹುದೆಂಬ ಯೋಚನೆ ನಾಣಯ್ಯನ ಹತ್ತಿರವೂ ಸುಳಿಯಲಿಲ್ಲ. ಅವನ ತಲೆಬಿಸಿಯೆಲ್ಲ ಯಾವುದನ್ನು ಆರಿಸುವುದು ಎಂಬುದೇ.

ಆ ಆಯ್ಕೆ ಅವನನ್ನು ಹಣ್ಣುಗಾಯಿ ಮಾಡಿತು. ಸ್ಪ್ರಿಂಗಿನದು ಗಟ್ಟಿ, ರಿಪೇರಿ ಸುಲಭ, ಆದರೆ ಹೊಡೆದಾಗ ಒಳಗಿನ ಸ್ಪ್ರಿಂಗು ಟೊಯ್ಂ ಎನ್ನುತ್ತದೆ. ಗಾಳಿ ತುಂಬಿದ ಸಿಲಿಂಡರಿನದು, ಬಾಯಿಗೆ ಸದ್ದಡಗಿಸುವ ಕೊಳವೆ ಸಿಕ್ಕಿಸಿದರೆ ಚಪ್ಪಾಳೆಯಷ್ಟೂ ಕೇಳಿಸದು, ಆದರೆ ಅದಕ್ಕೆ ಪಂಪು ಬೇಕು, ಪಂಪು ಹೊಡೆಯಲು ರಟ್ಟೆ ಬೇಕು. ಸಣ್ಣ ಗುಂಡಿನದು ನೇರ ಹೋಗುತ್ತದೆ, ಗಾಳಿ ಬಂದರೆ ಸೊಟ್ಟಗಾಗುತ್ತದೆ; ದಪ್ಪ ಗುಂಡಿನದು ಅಳಿಲನ್ನು ನರಳಿಸದೆ ಕೊಲ್ಲುತ್ತದೆ, ದೂರ ಹೋದಂತೆ ಕೆಳಗೆ ಬಾಗುತ್ತದೆ. ಸಿಟ್ಟು ಎಷ್ಟಿದ್ದರೂ ಪ್ರಾಣಿಯನ್ನು ಅರೆಜೀವ ಮಾಡಿ ಬಿಡಬಾರದು ಎಂದು ಅಪ್ಪ ಕಲಿಸಿದ್ದರು, ಅದರಲ್ಲಿ ನಾಣಯ್ಯ ರಾಜಿಯಾಗುವವನಲ್ಲ. ಫೋನಿನಲ್ಲಿ ನೋಡುವ ಒಂದು ವೀಡಿಯೊದಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಂದರಲ್ಲಿ ಇನ್ನೊಬ್ಬ ಅಲ್ಲಗಳೆಯುತ್ತಿದ್ದ. ಎಲ್ಲ ನೋಡಿ ಮುಗಿಸುವಷ್ಟರಲ್ಲಿ ಮೂರನೆಯವನೊಬ್ಬ ಬಂದು ಇಬ್ಬರೂ ಮೂರ್ಖರು ಎನ್ನುತ್ತಿದ್ದ. ಅತ್ತ ಪ್ರತಿ ಶನಿವಾರ ಮರದಲ್ಲಿ ಕಾಯಿಗಳು ಕಮ್ಮಿಯಾಗುತ್ತಲೇ ಇದ್ದವು.

"ಪಾಪಾ, ಯೂ ಆರ್ ಅಬ್ಸೆಸ್ಡ್," ಎಂದಳು ಅಕ್ಷಯಾ.

"ಹೌದು, ಆಗಿದೀನಿ! ನಿನ್ನ ತಾತನ ಮರ ಅದು!"

"ಹಣ್ಣಿಗೆ ಏನಾದ್ರೂ ಗಟ್ಟಿಯಾಗಿ ಕಟ್ರಿ, ಸಾಕು," ಎಂದಳು ಶರ್ಮಿಳಾ ಅಡುಗೆಮನೆಯಿಂದ. "ಒಂದು ಅಳಿಲಿಗೆ ಮಿಲಿಟರಿ ಕರೆಸ್ತಿದೀರಲ್ಲ."

"ಕಟ್ಟಿದ್ದನ್ನೆಲ್ಲ ಕಚ್ಚಿ ಹಾಕಿದ್ವಲ್ಲೇ ಮಾರಾಯ್ತಿ!"

ಅಪ್ಪನ ಜೊತೆ ಫೋನಿನಲ್ಲೂ ಅದೇ ಮಾತು. ಕಿತ್ತಳೆಯ ವಿಷಯ ಗುಟ್ಟು, ಹಾಗಾಗಿ "ತೋಟದಲ್ಲಿ ಅಳಿಲಿನ ಕಾಟ, ಸದ್ದಿಲ್ಲದ ಏರ್‌ಗನ್ ಬೇಕು" ಎಂದಷ್ಟೇ ಹೇಳಿದ್ದ. ಅಪ್ಪ ಮಗ ಮಾತಾಡುವುದು ಕೊಡವ ಭಾಷೆ. ಆದರೆ ಬೆಳ್ಯಪ್ಪನವರು ಇಡೀ ಆಯುಸ್ಸು ಶಾಲೆಯಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವರು. ಮಗನನ್ನು ಬೈಯಬೇಕೆಂದಾಗ ಅವರ ಬಾಯಿಗೆ ಕನ್ನಡವೇ ಬರುತ್ತಿತ್ತು.

"ಸದ್ದು ಮಾಡದ ಕೋವಿಯಾ? ಅದು ಎಂತ ಕೋವಿ ಮಾರಾಯ? ಕೋವಿ ಅಂದ್ರೆ ನಾಲ್ಕು ಊರಿಗೆ ಕೇಳ್ಬೇಕು!"

"ಇಲ್ಲಿ ಸದ್ದು ಮಾಡೋ ಹಾಗಿಲ್ಲ ಅಪ್ಪ. ಪಕ್ಕದಲ್ಲಿ ಹಕ್ಕಿ ಸಾಕ್ತಾರೆ."

"ಹಕ್ಕಿ ಸಾಕ್ತಾರಾ? ನಿನಗೆ ಬೇರೆ ಜಾಗ ಸಿಕ್ಕಲಿಲ್ವಾ?" ಎಂದು ಗದರಿ, ಅಪ್ಪ ದನಿ ಇಳಿಸಿ ಕೇಳಿದರು: "ಎಷ್ಟು ದೂರಕ್ಕೆ ಹೊಡೀಬೇಕು?"

"ಅಂಗಳದಿಂದ ಬಾವಿಯಷ್ಟು ದೂರ."

"ಹೂಂ," ಎಂದರು ಬೆಳ್ಯಪ್ಪನವರು. ಮುಂದೆ ಪ್ರತಿ ಫೋನಿನಲ್ಲೂ ಅವರು ತಾವಾಗಿಯೇ ಕೇಳತೊಡಗಿದರು: ಕೋವಿ ಸಿಕ್ತಾ? ಯಾವುದು ನೋಡಿದೆ? ಇನ್ನೂ ಇಲ್ವಾ?

ಅಂತೂ ಇಂತೂ ನಾಣಯ್ಯ ಒಂದು ತೀರ್ಮಾನಕ್ಕೆ ಬಂದ. ದಪ್ಪ ಗುಂಡಿನದು, ಸಿಲಿಂಡರಿನದು, ಸದ್ದಡಗಿಸುವ ಕೊಳವೆ ಇರುವುದು. ಎಲ್ಲಿ ಸಿಗುತ್ತದೆಂದು ಕೇಳಲು ಗೆಳೆಯ ಉಲ್ಲಾಸ್‌ಗೆ ಫೋನು ಮಾಡಿದ. ಬೆಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ್ದ ಉಲ್ಲಾಸ್, ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಭಾನುವಾರ ಯಾರು ದೋಸೆ ಚೆನ್ನಾಗಿ ಹಾಕುತ್ತಾರೆಂಬುದರಿಂದ ಹಿಡಿದು ಕಾರಿನ ಸೆಕೆಂಡ್‌ಹ್ಯಾಂಡ್ ಟೈರಿನವರೆಗೆ ಎಲ್ಲ ತಿಳಿದವನು. ಇಬ್ಬರೂ ತಮಿಳು ಮುಸ್ಲಿಮರ ಮಾಮಕ್ ಹೋಟೆಲೊಂದರಲ್ಲಿ ನೊರೆಯೆದ್ದ ತೆ ತಾರಿಕ್ ಚಹಾ ಮುಂದಿಟ್ಟುಕೊಂಡು ಕೂತರು. ನಾಣಯ್ಯ ತನ್ನ ಆಯ್ಕೆಯನ್ನು ಗುಂಡಿನ ತೂಕದ ಸಮೇತ ವಿವರಿಸಿದ. ಉಲ್ಲಾಸ್ ಕೇಳಿ ಕೇಳಿ, ಲೋಟ ಕೆಳಗಿಟ್ಟ.

"ಲೇ ನಾಣಿ, ನಿಂಗೇನಾದ್ರೂ ತಲೆ ಕೆಟ್ಟಿದ್ಯಾ? ಇದು ಮಲೇಷ್ಯಾ ಕಣೋ! ಇಲ್ಲಿ ಏರ್‌ಗನ್ನೂ ಗನ್ನೇ. ಲೈಸೆನ್ಸ್ ಇಲ್ದೆ ಇಟ್ಕೊಂಡ್ರೆ ಒಳಗೆ ಹಾಕ್ತಾರೆ."

"ಸುಮ್ನಿರೋ. ಮಕ್ಕಳ ಆಟಿಕೆ ಅದು."

"ನಿಮ್ಮೂರಲ್ಲಿ ಆಟಿಕೆ. ಹೋಗಿ ಬಾಲೈ ಪೊಲಿಸ್‌ನಲ್ಲಿ ಕೇಳು, ಅವರೇ ಹೇಳ್ತಾರೆ."

ಅವನು ನಿಜಕ್ಕೂ ಠಾಣೆಗೆ ಹೋದ. ಅಲ್ಲಿದ್ದ ಅಧಿಕಾರಿ ಒಳ್ಳೆಯವನೇ, ಕೂರಿಸಿ ನೀರು ಕೊಟ್ಟ. ನಾಣಯ್ಯ ತನಗೆ ಗೊತ್ತಿದ್ದ ಮಲಯ್ ಭಾಷೆಯಲ್ಲಿ, ಅದು ಬರೀ ಗಾಳಿಯ ಕೋವಿ, ಮದ್ದುಗುಂಡು ಇಲ್ಲ, ಸದ್ದೂ ಇಲ್ಲ ಎಂದು ಬಿಡಿಸಿ ಹೇಳಿದ. ಸದ್ದಿಲ್ಲ ಎಂದು ಕೇಳಿದ್ದೇ ಅಧಿಕಾರಿಯ ಹುಬ್ಬು ಮೇಲೇರಿತು. ನೀವು ಇಲ್ಲಿನ ನಾಗರಿಕರೇ? ಅಲ್ಲ. ಜಮೀನು ನಿಮ್ಮ ಹೆಸರಿನಲ್ಲಿದೆಯೇ? ಇಲ್ಲ, ಬಾಡಿಗೆ. ಎಷ್ಟು ಎಕರೆ? ಒಂದು ಮೂಲೆ. ಏನು ಬೆಳೆ? ನಾಣಯ್ಯನಿಗೆ ಸುಳ್ಳು ಬಾಯಿಗೆ ಬರಲಿಲ್ಲ. "ಒಂದು ಕಿತ್ತಳೆ ಮರ," ಎಂದ. ಪಕ್ಕದ ಮೇಜಿನಲ್ಲಿ ಕೂತಿದ್ದ ಹೆಂಗಸು ನಗು ತಡೆಯಲಾರದೆ ಎದ್ದು ಹೋದಳು.

"ಎನ್ಚಿಕ್," ಎಂದು ಮಲಯ್ ಮರ್ಯಾದೆಯಲ್ಲಿ ಕರೆದು ಅಧಿಕಾರಿ ಮೆತ್ತಗೆ ಹೇಳಿದ, "ಗಾಳಿಯದಾದರೂ ಕೋವಿ ಕೋವಿಯೇ. ಬೇಡ. ಮನೆಗೆ ಹೋಗಿ."

ಕಾರಿನಲ್ಲಿ ಕೂತ ನಾಣಯ್ಯನ ಪಿತ್ತ ನೆತ್ತಿಗೇರಿತು. ಎಂಥ ದೇಶವಪ್ಪಾ ಇದು! ಒಂದು ಅಳಿಲು, ಒಂದು ಮರ, ಒಬ್ಬ ಮುದುಕ ಅಪ್ಪ. ಇಷ್ಟಕ್ಕೆ ಇಷ್ಟೊಂದು ಅಡ್ಡಿಯೇ? ಸ್ಟೇರಿಂಗಿಗೆ ಎರಡು ಗುದ್ದಿದ. ಹಾರ್ನು ತಾನಾಗಿಯೇ ಕೂಗಿ, ಕಾವಲಿನ ಪೊಲೀಸ್ ತಿರುಗಿ ನೋಡಿದ. ನಾಣಯ್ಯ ಹೆದರಿ ಕೈ ಬೀಸಿ ಸಲಾಮು ಹೊಡೆದು ಗಾಡಿ ಹೊರಡಿಸಿದ. ತನ್ನ ಮೇಲೇ ಅವನಿಗೆ ಅಸಹ್ಯವಾಯಿತು.

ಅದೇ ಸಂಜೆ ಅಪ್ಪನ ಫೋನು. "ಕೋವಿ ಎಂತಾಯ್ತು?"

ಪೊಲೀಸರು ಒಂದು ಏರ್‌ಗನ್ನನ್ನೂ ಕೈಗೆ ಕೊಡುವುದಿಲ್ಲ ಎಂದು ಒಬ್ಬ ಕೊಡವ ಇನ್ನೊಬ್ಬ ಕೊಡವನಿಗೆ ಹೇಗೆ ಹೇಳುವುದು? ಅದೂ ತನಗೆ ಕೋವಿ ಹಿಡಿಯುವುದನ್ನು ಕಲಿಸಿದ ಅಪ್ಪನಿಗೆ? "ಇಲ್ಲಿ ಒಳ್ಳೇದು ಸಿಗ್ತಾ ಇಲ್ಲ ಅಪ್ಪ," ಎಂದುಬಿಟ್ಟ.

"ಹೂಂ," ಎಂದರು ಬೆಳ್ಯಪ್ಪನವರು.

ಆ ಶನಿವಾರ ಶರ್ಮಿಳಾ ತಾನೂ ತೋಟಕ್ಕೆ ಬಂದಳು. ಬ್ರಿಕ್‌ಫೀಲ್ಡ್ಸ್‌ನ ಪಾತ್ರೆ ಅಂಗಡಿಯಿಂದ ಸ್ಟೀಲಿನ ದೊಡ್ಡ ಜರಡಿಗಳನ್ನು ಕಟ್ಟುಗಟ್ಟಲೆ ತಂದಿದ್ದಳು, ಸಾರು ಸೋಸುವಂಥವು. ಒಂದು ಹಣ್ಣಿಗೆ ಎರಡು ಜರಡಿ ಎದುರುಬದುರು ಇಟ್ಟು ತಂತಿಯಿಂದ ಬಿಗಿದಳು. ಅಳಿಲು ಬಂತು, ಮೂಸಿತು, ಕಚ್ಚಿತು, ಹಲ್ಲು ನೊಂದಿರಬೇಕು, ಶರ್ಮಿಳಾಳನ್ನೇ ದುರುಗುಟ್ಟಿ ನೋಡಿ ಹೋಯಿತು. ನಾಣಯ್ಯನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇಷ್ಟು ತಿಂಗಳು ತಾನು ಸಿಲಿಂಡರು, ಸ್ಪ್ರಿಂಗು ಎಂದು ಒದ್ದಾಡಿದ್ದು ಎರಡು ಜರಡಿಯಲ್ಲಿ ಮುಗಿಯುವ ಕೆಲಸಕ್ಕೇ ಎಂದು ಮೈಯೆಲ್ಲ ಉರಿಯಿತು. ಉಳಿದಿದ್ದದ್ದೇ ಬೆರಳೆಣಿಕೆಯ ಹಣ್ಣು.

"ನಾನು ಮೊದಲೇ ಹೇಳಿರ್ಲಿಲ್ವಾ?" ಎಂದಳು ಶರ್ಮಿಳಾ.

"ಹೇಳಿದ್ದೆ ತಾಯಿ. ಈಗ ಅದನ್ನ ಹಾಡು ಮಾಡಿ ಹಾಡು."

ಆದರೂ ಹಣ್ಣುಗಳು ಉಳಿದವು. ದಿನ ಕಳೆದಂತೆ ಹಸಿರು ಸಿಪ್ಪೆಯಲ್ಲಿ ಹಳದಿ ಇಣುಕಿತು. ಇಲ್ಲಿಯ ಸೆಕೆಗೆ ಅದು ಊರಿನ ಹಾಗೆ ಕೆಂಪಗಾಗುವುದಿಲ್ಲ. ಆದರೆ ಒಂದು ಹಣ್ಣನ್ನು ಮೆಲ್ಲಗೆ ಒತ್ತಿ ನೋಡಿದಾಗ ಸಿಪ್ಪೆ ತೊಳೆಗಳಿಂದ ಬಿಟ್ಟು ಸಡಿಲವಾಗಿ ಆಡಿತು. ನಾಣಯ್ಯನಿಗೆ ಅಳು ಬಂತು. ಅಪ್ಪನ ತೋಟದ ಹಣ್ಣೇ ಹಾಗೆ.

ಅಪ್ಪ ಬರುವ ದಿನ ಅವನು ಬೆಳಿಗ್ಗೆಯೇ ಗುಡ್ಡಕ್ಕೆ ಹೋದ. ಮರದ ಬುಡ ಗುಡಿಸಿ, ಅಪ್ಪನಿಗೆಂದು ಒಂದು ಕುರ್ಚಿ ಹಾಕಿದ. ಜರಡಿಗಳನ್ನು ಬಿಚ್ಚಿಡಲು ಶುರುಮಾಡಿದ; ಅಪ್ಪ ಮೇಲೆ ನೋಡಿದಾಗ ಕಾಣಬೇಕಾದ್ದು ಹಣ್ಣು, ಅಡುಗೆಮನೆಯ ಪಾತ್ರೆಯಲ್ಲ. ಒಂದು ಹಣ್ಣಿನ ತಂತಿ ಬಿಚ್ಚುತ್ತಿದ್ದಾಗ ಫೋನು ಬಡಿಯಿತು. ಊರಿನಲ್ಲಿ ಅಪ್ಪನನ್ನು ನೋಡಿಕೊಳ್ಳುವ ತಮ್ಮ ರೋಹಿತ. ಅಪ್ಪನನ್ನು ಬೆಂಗಳೂರು ಏರ್‌ಪೋರ್ಟಿಗೆ ಬಿಡಲು ಅವನೇ ಹೋಗಿದ್ದ.

"ಅಣ್ಣಾ, ಅಪ್ಪ ಬರ್ತಾ ಇಲ್ಲ."

"ಏನು? ಹುಷಾರಿಲ್ವಾ?"

"ಹುಷಾರಿಗೆ ಎಂತದೂ ಆಗಿಲ್ಲ. ನಾನು ಒಳಗೆ ಬಿಟ್ಟು ಹೊರಟಿದ್ದೆ, ಅರ್ಧ ದಾರಿಯಿಂದ ವಾಪಸು ಕರೆಸಿದ್ರು. ಪೆಟ್ಟಿಗೆಯಲ್ಲಿ ಏರ್‌ಗನ್ ಇಟ್ಟಿದ್ರಂತೆ! ನಂಗೂ ಹೇಳ್ಲಿಲ್ಲ. ಕೌಂಟರಿನ ಹುಡುಗಿ, ಬ್ಯಾಗಲ್ಲಿ ಕತ್ತಿ ಗಿತ್ತಿ, ಕೋವಿ ಏನಾದ್ರೂ ಇದ್ಯಾ ಅಂತ ಕೇಳಿದ್ದಕ್ಕೆ, ಉಂಟಲ್ಲ, ಕೋವಿ ಉಂಟು ಅಂತ ಎದೆ ಎತ್ತಿ ಹೇಳಿದ್ರಂತೆ."

ನಾಣಯ್ಯ ಬಿಚ್ಚುತ್ತಿದ್ದ ತಂತಿಯನ್ನು ಬಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡ.

"ಅವರು ಪಾಪ ಒಳ್ಳೇ ಮಾತಲ್ಲೇ ಹೇಳಿದ್ರು, ಅದನ್ನ ಇಲ್ಲೇ ಬಿಟ್ಟು ನೀವು ಹೋಗಿ ಅಜ್ಜಾ ಅಂತ. ಇವರು ಕೇಳ್ಬೇಕಲ್ಲ! ಕೋವಿ ಬಿಟ್ಟು ಹೋಗೋದಾದ್ರೆ ನಾನು ಹೋಗೋದು ಎಂತಕ್ಕೆ ಅಂತ ಕೂತೇ ಬಿಟ್ರು. ನಾನು ಬರೋಷ್ಟರಲ್ಲಿ ವಿಮಾನದ ಬಾಗಿಲು ಹಾಕಿ ಆಗಿತ್ತು. ಈಗ ಮನೆಗೆ ಹೊರಟಿದೀವಿ. ತಗೋ, ನೀನೇ ಮಾತಾಡು."

ಬೆಳ್ಯಪ್ಪನವರ ಉಸಿರು ಕೇಳಿಸಿತು. ನಾಣಯ್ಯನ ಇಷ್ಟು ತಿಂಗಳ ಸಿಟ್ಟೆಲ್ಲ ಒಟ್ಟಿಗೇ ಬಾಯಿಗೆ ಬಂತು. ಪಕ್ಕದಲ್ಲಿ ಹಕ್ಕಿ ಮನೆ ಇದೆಯೆಂಬುದೂ ಮರೆತುಹೋಯಿತು.

"ಅಪ್ಪಾ! ಯಾರು ತರಕ್ಕೆ ಹೇಳಿದ್ರು ನಿಮಗೆ ಆ ಹಾಳು ಕೋವಿನ?"

"ನೀನೇ ಅಲ್ವಾ ಹೇಳಿದ್ದು?" ಅಪ್ಪನೂ ಕನ್ನಡಕ್ಕೇ ಇಳಿದರು. "ಒಳ್ಳೇದು ಸಿಗಲ್ಲ ಅಂದೆ. ನೀನು ಸಣ್ಣವನಿದ್ದಾಗ ಹಿಡಿದಿದ್ಯಲ್ಲ, ಅದೇ ಕೋವಿ ಅಟ್ಟದಲ್ಲಿತ್ತು. ಇಳಿಸಿದೆ. ವಾಷರು ಹೊಸದು ಹಾಕಿಸಿದೆ. ನಿನಗೆ ಸದ್ದು ಆಗಬಾರದಲ್ಲ, ಅದಕ್ಕೇ ಸ್ಪ್ರಿಂಗಿಗೆ ಗ್ರೀಸು ಬಳಿದು ಬಳಿದು, ಹಿತ್ತಲಲ್ಲಿ ಹೊಡೆದು ನೋಡಿ, ಮತ್ತೆ ಬಿಚ್ಚಿ ಬಳಿದು... ಈಗ ಪಕ್ಕದಲ್ಲಿ ನಿಂತವನಿಗೂ ಕೇಳಲ್ಲ. ಇಷ್ಟು ತಿಂಗಳು ಫೋನ್ ಮಾಡಿದಾಗೆಲ್ಲ ನೀನು ಕೇಳಿದ್ದು ಅದೊಂದೇ. ಅದನ್ನೂ ಬಿಟ್ಟು ಬರಿಗೈಯಲ್ಲಿ ಬರ್ಲಾ?"

"ನಂಗೆ ಕೋವಿ ಬೇಡ ಅಪ್ಪಾ!" ನಾಣಯ್ಯನ ದನಿ ಒಡೆಯಿತು. "ನಂಗೆ ಬೇಕಾಗಿದ್ದು ನೀವು! ಇಲ್ಲಿ ನಿಮ್ಮ ಕಿತ್ತಳೆ ಮರ ಇದೆ. ನಮ್ಮ ತೋಟದ್ದೇ ಬೀಜ, ಆ ಕೊನೇ ಮರದ್ದು. ಹಣ್ಣು ಬಿಟ್ಟಿದೆ. ನಿಮಗೆ ಅಂತ ಕಾದು ಕಾದು ಇಟ್ಟಿದೀನಿ. ಅದಕ್ಕೇ ಅಳಿಲು ಹೊಡೀಬೇಕಿತ್ತು, ಅದಕ್ಕೇ ಆ ದರಿದ್ರ ಕೋವಿ ಬೇಕಿತ್ತು!"

ಕಾರು ಓಡುವ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಅಪ್ಪನ ದನಿ ದೂರದಿಂದ, ಬೇರೆಯವರಿಗೆ ಹೇಳಿದ ಹಾಗೆ ಕೇಳಿಸಿತು.

"ರೋಹಿತಾ, ಗಾಡಿ ತಿರುಗಿಸು."

"ಅಪ್ಪಾ, ವಿಮಾನ ಹೋಗಿ ಆಯ್ತಲ್ಲ."

"ತಿರುಗಿಸು ಅಂದೆ ನಿನಗೆ!"

"ಎಲ್ಲಿಗೆ ತಿರುಗಿಸೋದು ಅಪ್ಪಾ? ಹೋಗಿ ಆಯ್ತು."

ಬೆಳ್ಯಪ್ಪನವರು ಫೋನಿಗೆ ವಾಪಸು ಬಂದಾಗ ಅದು ಡ್ರಿಲ್ ಮಾಸ್ಟರರ ದನಿಯಾಗಿರಲಿಲ್ಲ. ಕನ್ನಡವೂ ಆಗಿರಲಿಲ್ಲ, ಮನೆಯ ಮಾತಿನಲ್ಲೇ, ಮೆಲ್ಲಗೆ ಹೇಳಿದರು. "ಇಷ್ಟು ದಿನ ಅಷ್ಟೆಲ್ಲ ಮಾತಾಡಿದೆ. ಕಿತ್ತಳೆ ಅಂತ ಒಂದು ಮಾತು ಹೇಳಬಾರದಿತ್ತಾ ಮಗಾ? ಆ ಕೋವಿಯನ್ನು ಅಲ್ಲೇ ಕಸದ ಬುಟ್ಟಿಗೆ ಎಸೆದು ಬರ್ತಿದ್ದೆನಲ್ಲ."

ನಾಣಯ್ಯ ಅಪ್ಪನಿಗೆಂದು ಹಾಕಿದ್ದ ಕುರ್ಚಿಯ ಮೇಲೆ ಕುಸಿದು ಕೂತ. ಹಕ್ಕಿ ಮನೆಯ ಮೇಲಿನ ಸ್ಪೀಕರು ತನ್ನ ಪಾಡಿಗೆ ಕಿರುಚುತ್ತಿತ್ತು. ಅವನ ಕೂಗಿಗೆ ಬೆದರಿ ಓಡಿ ಬಂದ ಆಹ್ ಹೋಕ್ ಬೇಲಿಯ ಆಚೆ ನಿಂತು, ಅವನ ಮುಖ ನೋಡಿ, ಮುಗಿಯಲು ಎತ್ತಿದ್ದ ಕೈ ಇಳಿಸಿ ಹಿಂದಿರುಗಿದ.

"ಹಣ್ಣು ಇನ್ನೆಷ್ಟು ದಿನ ಮರದಲ್ಲಿ ನಿಲ್ಲುತ್ತೆ?" ಎಂದು ಕೇಳಿದರು ಬೆಳ್ಯಪ್ಪನವರು.

ಹಣ್ಣು ಆಗಲೇ ಕಳಿತಿತ್ತು. ಮುಟ್ಟಿದರೆ ತೊಟ್ಟು ಬಿಡುವ ಹಾಗಿತ್ತು.

"ನಿಲ್ಲುತ್ತೆ ಅಪ್ಪ," ಎಂದ ನಾಣಯ್ಯ. "ನೀವು ಬನ್ನಿ." ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು, ಎದ್ದು ಹೋಗಿ, ಬಿಚ್ಚಿದ್ದ ಜರಡಿಗಳನ್ನು ಒಂದೊಂದಾಗಿ ಮತ್ತೆ ಕಟ್ಟತೊಡಗಿದ.